ಹಳೆ ಝಡ್3ಯಲ್ಲಿ ಆಯಿಲ್ ದೀಪ ಮಿಣುಕುತ್ತಿದೆ, ಎಂಜಿನ್ ಹೋಯ್ತಾ?

ನೀವು ಕೇಳಿರುವುದು ಇಷ್ಟು. 1998ರ ಬಿಎಂಡಬ್ಲ್ಯೂ ಝಡ್3, 2.8 ಲೀಟರ್ ಎಂಜಿನ್. ಎರಡು ತಿಂಗಳ ಹಿಂದೆ ಅಟ್ಲಾಂಟಾದಲ್ಲಿ ಕೊಂಡಿದ್ದೀರಿ. ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ನಿಂತರೆ ಕೆಂಪು ಆಯಿಲ್ ದೀಪ ಮಿಣುಕುತ್ತದೆ, ಆಕ್ಸಿಲರೇಟರ್ ಒತ್ತಿದರೆ ಆರುತ್ತದೆ. ಒಬ್ಬ ಮೆಕ್ಯಾನಿಕ್ 'ಸೆನ್ಸರ್ ಅಷ್ಟೇ, ಓಡಿಸಿ' ಅಂದರು. ಇನ್ನೊಬ್ಬರು 'ಬೇರಿಂಗ್ ಹೋಗಿದೆ, ಎಂಜಿನ್ ಬಿಚ್ಚಬೇಕು' ಅಂದರು. ಯಾರನ್ನು ನಂಬಲಿ ಅಂತ ನಿಮ್ಮ ಪ್ರಶ್ನೆ.

ಸದ್ಯಕ್ಕೆ ಇಬ್ಬರನ್ನೂ ನಂಬಬೇಡಿ. ಇಬ್ಬರೂ ಅಳತೆ ಮಾಡದೆ ಹೇಳಿದ್ದಾರೆ. ಆಯಿಲ್ ಪ್ರೆಶರ್ ಎಷ್ಟಿದೆ ಅಂತ ಗೇಜ್ ಹಾಕಿ ನೋಡುವವರೆಗೆ ಗಾಡಿಯನ್ನು ರಸ್ತೆಗೆ ಇಳಿಸಬೇಡಿ. ಆಫೀಸಿಗೂ ಬೇಡ, ಪಕ್ಕದ ಬೀದಿಯ ಅಂಗಡಿಗೂ ಬೇಡ.

ನನ್ನ ಹತ್ತಿರ ಇರುವುದು 1997ರ ಝಡ್3, ನಿಮ್ಮದರಲ್ಲಿರುವ ಎಂ52 ಎಂಜಿನ್ನೇ ಇದರಲ್ಲೂ ಇದೆ. ನಾನು ಇರುವುದು ಷಾರ್ಲೆಟ್‌ನಲ್ಲಿ. ಈ ಗಾಡಿಗಳು ತಯಾರಾದ ಸ್ಪಾರ್ಟನ್‌ಬರ್ಗ್ ಇಲ್ಲಿಂದ ಒಂದೂಕಾಲು ಗಂಟೆ ದಾರಿ, ಹಾಗಾಗಿ ಈ ಭಾಗದಲ್ಲಿ ಹಳೆ ಝಡ್3ಗಳು ಇನ್ನೂ ಕಣ್ಣಿಗೆ ಬೀಳುತ್ತವೆ. ಒಂದು ಆಗಸ್ಟ್‌ನಲ್ಲಿ ಬ್ಲೂ ರಿಡ್ಜ್ ಪಾರ್ಕ್‌ವೇ ಇಳಿದು ಆಶ್‌ವಿಲ್‌ಗೆ ಬಂದು ಸಿಗ್ನಲ್‌ನಲ್ಲಿ ನಿಂತಿದ್ದೆ. ನಿಮ್ಮ ದೀಪದ ಹಾಗೆಯೇ ನನ್ನದೂ ಮಿಣುಕಿತು. ಮೊದಲು ಒಂದು ಸಲ, ಆಮೇಲೆ ಉಸಿರಾಡುವ ಹಾಗೆ ಬಿಟ್ಟುಬಿಟ್ಟು. ಅಲ್ಲೇ ಎಂಜಿನ್ ನಿಲ್ಲಿಸಿದೆ. ಹಿಂದೆ ಹಾರ್ನ್‌ಗಳು ಶುರುವಾದವು. ಮೇಲ್ಛಾವಣಿ ಮಡಚಿದ್ದೆ, ಬಿಸಿ ಎಂಜಿನ್ ತಣಿಯುವ ಟಿಕ್ ಟಿಕ್ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಗಾಡಿ ಟ್ರಕ್ ಮೇಲೆ ಮನೆಗೆ ಬಂತು. ಆ ದುಡ್ಡು ಕೊಟ್ಟಿದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ.

ದೀಪ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದರೆ ಉಳಿದದ್ದು ಸುಲಭ. ಎಂಜಿನ್‌ಗೆ ಗಾಳಿ ಹೋಗುವ ಇನ್‌ಟೇಕ್ ಇರುವ ಕಡೆ ಆಯಿಲ್ ಫಿಲ್ಟರ್‌ನ ಹೌಸಿಂಗ್ ಇದೆ, ಅದರ ಕೆಳಗೆ ಒಂದು ಸಣ್ಣ ಸ್ವಿಚ್. ಅದಕ್ಕೆ ಒಂದೇ ವೈರ್. ಪ್ರೆಶರ್ ಇಲ್ಲದಿದ್ದರೆ ಸ್ವಿಚ್ ಆ ವೈರನ್ನು ಎಂಜಿನ್‌ನ ಲೋಹಕ್ಕೆ ಮುಟ್ಟಿಸುತ್ತದೆ, ದೀಪ ಉರಿಯುತ್ತದೆ. ಪ್ರೆಶರ್ ಬಂದರೆ ಬಿಡಿಸುತ್ತದೆ, ದೀಪ ಆರುತ್ತದೆ. ಅದು ಅಳೆಯುವ ಸೆನ್ಸರ್ ಅಲ್ಲ. ಇದೆ ಅಥವಾ ಇಲ್ಲ, ಅಷ್ಟೇ ಅದಕ್ಕೆ ಗೊತ್ತು.

ಆ 'ಇದೆ'ಯ ಗಡಿ ಎಷ್ಟು ಕೆಳಗಿದೆ ನೋಡಿ: 0.2ರಿಂದ 0.5 ಬಾರ್ (ಪ್ರೆಶರ್ ಅಳೆಯುವ ಮಾನ). ಈ ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿದ್ದಾಗ (ಆಕ್ಸಿಲರೇಟರ್ ಒತ್ತದೆ ನಿಧಾನವಾಗಿ ತಿರುಗುವಾಗ) ಕಡೇಪಕ್ಷ 0.5 ಬಾರ್ ಇರಲೇಬೇಕು. ವೇಗವಾಗಿ ತಿರುಗುವಾಗ ಸುಮಾರು 4 ಬಾರ್ ಬೇಕು. ಅಂದರೆ ಹೈವೇಯಲ್ಲಿ 4 ಇರಬೇಕಾದ ಕಡೆ 1 ಬಾರ್‌ಗೆ ಇಳಿದರೂ ದೀಪ ಆರಿಕೊಂಡೇ ಇರುತ್ತದೆ. ಆದ್ದರಿಂದ 'ಆಕ್ಸಿಲರೇಟರ್ ಒತ್ತಿದರೆ ಆರುತ್ತದೆ' ಅನ್ನುವುದನ್ನು ಸಮಾಧಾನದ ಸುದ್ದಿ ಅಂದುಕೊಳ್ಳಬೇಡಿ. ಈ ಒಂದು ವಿಷಯ ಗೊತ್ತಿಲ್ಲದೆ ಎಷ್ಟೋ ಜನ ಒಳ್ಳೆಯ ಎಂಜಿನ್ ಕಳೆದುಕೊಳ್ಳುತ್ತಾರೆ.

ಮೊದಲು ಖರ್ಚಿಲ್ಲದ ಕೆಲಸ. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿದ ಮೇಲೆ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ತೋರಿಸುವ ಕಡ್ಡಿ) ನೋಡಿ. ಎರಡು ಗುರುತುಗಳ ನಡುವಿನ ಅಂತರ ಸುಮಾರು ಒಂದು ಲೀಟರ್. ನೀವು ಕೊಂಡ ಮೇಲೆ ಯಾರಾದರೂ ಆಯಿಲ್ ಬದಲಿಸಿದರಾ? ಈ ಎಂಜಿನ್‌ಗೆ ಫಿಲ್ಟರ್ ಸೇರಿ 6.5 ಲೀಟರ್ ಬೇಕು. ಅಂಗಡಿಯಲ್ಲಿ ಸಿಗುವ ದೊಡ್ಡ ಕ್ಯಾನ್ 5 ಕ್ವಾರ್ಟ್, ಅಂದರೆ 4.7 ಲೀಟರ್. ಒಂದು ಕ್ಯಾನ್ ಸುರಿದು ಮುಚ್ಚಳ ಹಾಕಿದರೆ ಹತ್ತಿರಹತ್ತಿರ ಎರಡು ಲೀಟರ್ ಕಡಿಮೆ! ಸುಮ್ನೆ ಹೇಳುತ್ತಿಲ್ಲ, ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆಯಿಲ್ ಮೂಸಿಯೂ ನೋಡಿ. ಪೆಟ್ರೋಲ್ ವಾಸನೆ ಇದ್ದರೆ ಆಯಿಲ್ ತೆಳುವಾಗಿದೆ. ಹಾಲು ಬೆರೆಸಿದ ಕಾಫಿಯ ಬಣ್ಣ ಇದ್ದರೆ ಕೂಲೆಂಟ್ (ಎಂಜಿನ್ ತಣಿಸುವ ನೀರು) ಸೇರಿದೆ, ಆಗ ಬೇರೆ ಯಾವ ಪರೀಕ್ಷೆಯೂ ಬೇಡ, ಮತ್ತೆ ಸ್ಟಾರ್ಟ್ ಮಾಡಬೇಡಿ.

ಫಿಲ್ಟರ್ ಮುಚ್ಚಳವನ್ನೂ ತೆಗೆದು ನೋಡಿ. ಇದರಲ್ಲಿ ಡಬ್ಬಿ ಫಿಲ್ಟರ್ ಅಲ್ಲ, ಒಳಗೆ ಕಾಗದದ ಕಾರ್ಟ್ರಿಡ್ಜ್ ಕೂರುತ್ತದೆ. ಅದು ಕುಸಿದಿದ್ದರೆ, ಸರಿಯಾಗಿ ಕೂತಿರದಿದ್ದರೆ, ರಬ್ಬರ್ ಓ-ರಿಂಗ್ ಬಿಟ್ಟುಹೋಗಿದ್ದರೆ ಅಲ್ಲೇ ಸರಿಮಾಡಿ.

ಇನ್ನು ವೈರ್. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ತಿರುಗಿಸಿ, ದೀಪ ಉರಿಯಬೇಕು. ಸ್ವಿಚ್‌ನಿಂದ ವೈರ್ ಎಳೆದರೆ ಆರಬೇಕು. ಎಳೆದ ಮೇಲೂ ಉರಿಯುತ್ತಿದ್ದರೆ ವೈರ್ ಎಲ್ಲೋ ಸವೆದು ಬಾಡಿಗೆ ತಾಗುತ್ತಿದೆ. ಎಳೆದಾಗ ವೈರ್ ತುದಿಯ ಪ್ಲಗ್‌ನ ಒಳಗೆ ಟಾರ್ಚ್ ಬಿಟ್ಟು ನೋಡಿ. ನನ್ನದರಲ್ಲಿ ಒಳಗೆಲ್ಲ ಕಪ್ಪು ಆಯಿಲ್ ತುಂಬಿತ್ತು. ಬೆರಳಿಟ್ಟರೆ ಹರಳೆಣ್ಣೆಯ ಹಾಗೆ ಎಳೆ ಬಂತು. ಸ್ವಿಚ್ ತನ್ನೊಳಗಿಂದಲೇ ಸೋರುತ್ತಿತ್ತು. ಹಿಂದಿನ ಮಾಲೀಕರು ಹಾಕಿಸಿದ್ದ, ಹೆಸರೇ ಇಲ್ಲದ ಅಗ್ಗದ ಸ್ವಿಚ್ ಅದು.

ಹಾಗಂತ ನಾನು ಅಲ್ಲಿಗೇ ನಿಲ್ಲಿಸಲಿಲ್ಲ. ಸೋರುವ ಸ್ವಿಚ್ ಇರುವ ಎಂಜಿನ್‌ಗೆ ಪ್ರೆಶರ್ ಕೂಡ ಕಡಿಮೆ ಇರಬಹುದು, ಅಲ್ವಾ? ಅಮೆರಿಕದ ದೊಡ್ಡ ಬಿಡಿಭಾಗದ ಅಂಗಡಿಗಳಲ್ಲಿ ಆಯಿಲ್ ಪ್ರೆಶರ್ ಗೇಜ್ ಎರವಲು ಕೊಡುತ್ತಾರೆ. ಡೆಪಾಸಿಟ್ ಇಡಬೇಕು, ವಾಪಸ್ ಕೊಟ್ಟಾಗ ಪೂರ್ತಿ ದುಡ್ಡು ಸಿಗುತ್ತದೆ. ಸ್ವಿಚ್‌ನ ಮರೆ (ತಿರುಪಿನ ಥ್ರೆಡ್) 12 ಮಿಲಿಮೀಟರ್, 1.5 ಪಿಚ್. ಕಿಟ್‌ನಲ್ಲಿ ಆ ಅಡಾಪ್ಟರ್ ಇದೆಯಾ ಅಂತ ಅಂಗಡಿಯಲ್ಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಬೇರೆ ತರಬೇಕು. ಎಂಜಿನ್ ತಣ್ಣಗಿರುವಾಗ ಏರ್ ಫಿಲ್ಟರ್ ಬಾಕ್ಸ್ ತೆಗೆಯಿರಿ, ಕೈ ಆಡಿಸಲು ಜಾಗ ಸಿಗುತ್ತದೆ. 24 ಮಿಲಿಮೀಟರ್‌ನ ಉದ್ದ ಸಾಕೆಟ್‌ನಿಂದ ಸ್ವಿಚ್ ಬಿಚ್ಚಿ. ಹೌಸಿಂಗ್ ಅಲ್ಯೂಮಿನಿಯಂನದು, ಮರೆ ಹಾಳಾದರೆ ಹೊಸ ತಲೆನೋವು. ಅಡಾಪ್ಟರ್‌ನ ಮೊದಲ ಮೂರು ನಾಲ್ಕು ಸುತ್ತು ಬೆರಳಲ್ಲೇ ತಿರುಗಿಸಿ. ಹೋಸ್ ಫ್ಯಾನ್‌ಗೂ ಬೆಲ್ಟ್‌ಗೂ ದೂರ ಇರುವಂತೆ ಕಟ್ಟಿ, ಏರ್ ಬಾಕ್ಸ್ ಮತ್ತೆ ಕೂರಿಸಿ.

ಸ್ಟಾರ್ಟ್ ಮಾಡಿ ಮುಳ್ಳು ನೋಡಿ. ಕೆಲವು ಸೆಕೆಂಡ್‌ಗಳಲ್ಲಿ ಏಳದಿದ್ದರೆ ತಕ್ಷಣ ಆರಿಸಿ. ಎದ್ದರೆ ನಿಂತಲ್ಲೇ ಬಿಸಿಯಾಗಲು ಬಿಡಿ. ಡ್ಯಾಶ್‌ಬೋರ್ಡ್‌ನ ಟೆಂಪರೇಚರ್ ಮುಳ್ಳು ನಡುವೆ ಬಂದ ಮಾತ್ರಕ್ಕೆ ಸಾಲದು. ಅದು ಕೂಲೆಂಟ್‌ನ ಬಿಸಿ. ಆಯಿಲ್ ಬಿಸಿಯಾಗಲು ಇನ್ನೂ ಜಾಸ್ತಿ ಹೊತ್ತು ಬೇಕು. ತಣ್ಣಗಿನ ಆಯಿಲ್ ಗಟ್ಟಿ ಇರುತ್ತದೆ, ಸವೆದ ಎಂಜಿನ್‌ನಲ್ಲೂ ಒಳ್ಳೆಯ ಅಂಕಿ ತೋರಿಸಿಬಿಡುತ್ತದೆ.

ನನ್ನದು ಬಿಸಿ ಐಡಲ್‌ನಲ್ಲಿ 1.1 ಬಾರ್ ಇತ್ತು, 3000 ಆರ್‌ಪಿಎಂನಲ್ಲಿ 4ರ ಹತ್ತಿರ. ಆ ಮುಳ್ಳು ನೋಡಿದಾಗ ಆದ ನೆಮ್ಮದಿ ಹೇಳತೀರದು. ಹೊಸ ಸ್ವಿಚ್ ಹಾಕಿದೆ, ದೀಪ ಮತ್ತೆ ಮಿಣುಕಲಿಲ್ಲ. ನಿಮ್ಮ ಗೇಜ್ ಕೂಡ ಇಂಥದ್ದೇ ಅಂಕಿ ತೋರಿಸಿದರೆ ನೀವೂ ಸ್ವಿಚ್ ಬದಲಿಸಿ ಓಡಿಸಿ. ಐಡಲ್‌ನಲ್ಲಿ 0.3, 3000ದಲ್ಲಿ ಒಂದೂವರೆ ಅಂತ ಬಂದರೆ ಎರಡನೇ ಮೆಕ್ಯಾನಿಕ್ ಮಾತಿನಲ್ಲಿ ಹುರುಳಿದೆ. ಆದರೂ ಬೇರಿಂಗೇ ಅಂತ ಖಾತ್ರಿಯಿಲ್ಲ. ಪಂಪ್ ಸವೆದಿರಬಹುದು, ಆಯಿಲ್ ಹೀರುವ ಜಾಲರಿಗೆ ಕೊಳೆ ಕಟ್ಟಿರಬಹುದು. ಎಂಜಿನ್ ಕೆಳಗೆ ಆಯಿಲ್ ನಿಲ್ಲುವ ಪ್ಯಾನ್ ಇಳಿಸಿ ನೋಡಬೇಕು. ಎಂಜಿನ್ ಕೆಳಗಿರುವ ಮುಂದಿನ ಅಡ್ಡ ಚೌಕಟ್ಟನ್ನು (ಸಬ್‌ಫ್ರೇಮ್) ಕೆಳಗಿಳಿಸದೆ ಪ್ಯಾನ್ ಹೊರಗೆ ಬರುವುದಿಲ್ಲ, ಹಾಗಾಗಿ ಕೂಲಿ ಜಾಸ್ತಿ. ಗೇಜ್ ಹಾಕದೆ ಈ ಕೆಲಸಕ್ಕೆ ಕೈ ಹಾಕಿದರೆ ಮೂಗಿಗಿಂತ ಮೂಗುತಿ ಭಾರ ಆದೀತು.

ಪ್ಯಾನ್ ಇಳಿಸಲೇಬೇಕಾದರೆ ಪಂಪ್‌ನ ನಟ್ ಬಗ್ಗೆ ಮರೆಯಬೇಡಿ. ನಮ್ಮ ಎಂ52 ಮತ್ತು ಅದರ ಹಿಂದಿನ ಎಂ50 ಎಂಜಿನ್‌ಗಳಲ್ಲಿ ಪಂಪ್‌ನ ಸ್ಪ್ರಾಕೆಟ್ (ಚೈನ್ ಓಡುವ ಹಲ್ಲಿನ ಚಕ್ರ) ಹಿಡಿದಿರುವ ನಟ್ ಸಡಿಲವಾಗುವುದು ಎಲ್ಲರಿಗೂ ಗೊತ್ತಿರುವ ತೊಂದರೆ. ರೇಸ್ ಟ್ರ್ಯಾಕ್‌ನಲ್ಲಿ ಓಡಿಸಿದ ಗಾಡಿಗಳಲ್ಲಿ ಇದು ಜಾಸ್ತಿ. ಆ ನಟ್‌ನ ಮರೆ ಎಡಸುತ್ತು, ಸಾಮಾನ್ಯ ನಟ್ ಬಿಚ್ಚುವ ಹಾಗೆ ತಿರುಗಿಸಿದರೆ ಇನ್ನಷ್ಟು ಬಿಗಿಯಾಗುತ್ತದೆ. ಹೇಗೂ ಬಿಚ್ಚಿರುತ್ತಾರೆ, ಅದಕ್ಕೆ ಸೇಫ್ಟಿ ವೈರ್ ಕಟ್ಟಿಸಿಬಿಡಿ. ಆ ನಟ್ ಬಿದ್ದುಹೋದರೆ ದೀಪ ಮಿಣುಕುವುದಿಲ್ಲ, ಓಡುತ್ತಿರುವಾಗಲೇ ಪೂರ್ತಿ ಹೊತ್ತಿಕೊಳ್ಳುತ್ತದೆ. ಹಾಗೇನಾದರೂ ಆದರೆ ಕ್ಲಚ್ ಒತ್ತಿ, ಎಂಜಿನ್ ಆರಿಸಿ, ಸ್ಟೀರಿಂಗ್ ಲಾಕ್ ಆಗದಂತೆ ಕೀಯನ್ನು ಒಂದೇ ಹೆಜ್ಜೆ ಹಿಂದಕ್ಕೆ ತಿರುಗಿಸಿ, ಬದಿಗೆ ಉರುಳಿಸಿ. ಸ್ಟೀರಿಂಗ್ ಭಾರವಾಗುತ್ತದೆ, ಗಾಬರಿ ಬೇಡ.

ಇನ್ನೊಂದು ಮಾತು. 20ಡಬ್ಲ್ಯೂ-50 ಅನ್ನುವ ಗಟ್ಟಿ ಆಯಿಲ್ ಹಾಕಿದರೆ ದೀಪ ನಿಲ್ಲುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನಿಲ್ಲಬಹುದು. ಆದರೆ ಕಾರಣ ಹಾಗೇ ಉಳಿದು, ಎಚ್ಚರಿಸುವ ದೀಪ ಮಾತ್ರ ಬಾಯಿ ಮುಚ್ಚುತ್ತದೆ. ದಯವಿಟ್ಟು ಈಗ ಹಾಕಬೇಡಿ.

ಗೇಜ್ ಹಾಕಿದ ಮೇಲೆ ಎರಡು ಅಂಕಿ ಬರೆದು ತಿಳಿಸಿ: ಬಿಸಿ ಐಡಲ್‌ನಲ್ಲಿ ಎಷ್ಟು, 3000ದಲ್ಲಿ ಎಷ್ಟು. ಗೇಜ್‌ನಲ್ಲಿ ಪಿಎಸ್‌ಐ ಇದ್ದರೆ ಹಾಗೇ ಬರೆಯಿರಿ, 0.5 ಬಾರ್ ಅಂದರೆ ಸುಮಾರು 7 ಪಿಎಸ್‌ಐ, 4 ಬಾರ್ ಅಂದರೆ 58. ಪ್ಲಗ್‌ನೊಳಗೆ ಆಯಿಲ್ ಇತ್ತಾ ಅನ್ನುವುದನ್ನೂ ಹೇಳಿ. ಪ್ಯಾನ್ ಇಳಿಸಬೇಕಾ ಬೇಡವಾ ಅಂತ ಆಗ ಮಾತಾಡೋಣ.