ಪ್ರತಿಕ್ರಿಯೆ: ವೆಂಟಿಲೇಟರ್ ಬೇಡ ಎಂದು ಅಪ್ಪ ಬರೆದ ಪತ್ರವನ್ನು ಆಸ್ಪತ್ರೆ ಒಪ್ಪುತ್ತಿಲ್ಲ
ಮೈಸೂರಿನ ಆಸ್ಪತ್ರೆ ನಿಮ್ಮ ತಂದೆಯವರ ಪತ್ರ ಒಪ್ಪದಿರಲು ಕಾರಣ ಬಹುಶಃ ಇಷ್ಟೇ: ಅದರಲ್ಲಿ ಅವರ ಸಹಿ ಬಿಟ್ಟರೆ ಸಾಕ್ಷಿಗಳೂ ಇಲ್ಲ, ನೋಟರಿ ಸೀಲೂ ಇಲ್ಲ. ಬೇರೆ ಕಾರಣವೂ ಇರಬಹುದು, ಡಾಕ್ಟರನ್ನೇ ಬಿಡಿಸಿ ಕೇಳಿ.

ಅವರಿಗೆ ಪೂರ್ತಿ ಪ್ರಜ್ಞೆ ಇದೆ ಅಂದಿದ್ದೀರಿ, ಹಾಗಾಗಿ ಹೊಸದಾಗಿ ಬರೆಸಿ. ಯಾವ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡ ಎಂಬುದು ಸ್ಪಷ್ಟವಾಗಿರಲಿ; 'ನನಗೆ ಕಷ್ಟ ಕೊಡಬೇಡಿ' ಎಂದಷ್ಟೇ ಬರೆದರೆ ಯಾವ ಡಾಕ್ಟರಿಗೂ ಉಪಯೋಗವಿಲ್ಲ. ತಮ್ಮ ಪರವಾಗಿ ಮಾತಾಡುವವರ ಹೆಸರೂ ಇರಬೇಕು. ನೀವು, ಬೆಂಗಳೂರಿನ ನಿಮ್ಮಣ್ಣ ಇಬ್ಬರ ಹೆಸರನ್ನೂ ಹಾಕಿಸಬಹುದು, ಆದರೆ ಮೊದಲು ನಿಮ್ಮಿಬ್ಬರ ಮಾತು ಒಂದಾಗಲಿ. ಐಸಿಯು ಬಾಗಿಲಲ್ಲಿ ಜಗಳ ಶುರುವಾದರೆ ಯಾವ ಕಾಗದವೂ ಕೆಲಸಕ್ಕೆ ಬರುವುದಿಲ್ಲ.

ಸಹಿ ಇಬ್ಬರು ಸಾಕ್ಷಿಗಳ ಎದುರು ಆಗಬೇಕು, ಮನೆಯವರಲ್ಲದವರಾದರೆ ಒಳ್ಳೆಯದು. ಆಮೇಲೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ಮ್ಯಾಜಿಸ್ಟ್ರೇಟರ ಸಹಿ ಬೇಕು ಎಂದು ಯಾರಾದರೂ ಓಡಾಡಿಸಿದರೆ ಅದು 2018ರ ನಿಯಮ, ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲೇ ಸಡಿಲಿಸಿದೆ ಎನ್ನಿ. ಒಂದೊಂದು ಪ್ರತಿ ನಿಮ್ಮಿಬ್ಬರ ಹತ್ತಿರ, ಫ್ಯಾಮಿಲಿ ಡಾಕ್ಟರ ಹತ್ತಿರ, ನಿಮ್ಮೂರು ಮಂಡ್ಯದ ನಗರಸಭೆಯಲ್ಲಿ ಇರಲಿ. ಆಸ್ಪತ್ರೆಯವರು ಇದೆಲ್ಲ ಗೊತ್ತಿಲ್ಲ ಎಂದರೆ ರಾಜ್ಯ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಹೊರಡಿಸಿದ ಸುತ್ತೋಲೆ ತೋರಿಸಿ.

ಅವರು ತಾವೇ ನಿರ್ಧಾರ ಹೇಳಬಲ್ಲವರಾಗಿರುವ ತನಕ ಅವರ ಮಾತೇ ನಡೆಯುತ್ತದೆ, ಪತ್ರದ ಅಗತ್ಯವೇ ಬರುವುದಿಲ್ಲ. ಆಮೇಲೂ ಪತ್ರ ತೋರಿಸಿದ ಕೂಡಲೇ ಮೆಷಿನ್ ತೆಗೆಯುವುದಿಲ್ಲ. ಆಸ್ಪತ್ರೆಯ ಮೂವರು ವೈದ್ಯರ ಮಂಡಳಿ, ನಂತರ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರಿರುವ ಎರಡನೇ ಮಂಡಳಿ ಒಪ್ಪಬೇಕು. ಆದಷ್ಟೂ ತಲಾ 48 ಗಂಟೆಯೊಳಗೆ ಹೇಳಬೇಕೆಂದಿದೆ. ನೋವು, ಉಸಿರಾಟದ ಸಂಕಟಕ್ಕೆ ಕೊಡುವ ಔಷಧಿ ಮಾತ್ರ ನಿಲ್ಲಬಾರದು, ಅದನ್ನು ಕೇಳಿ ಕೊಡಿಸಿ.