ಬಿಲ್ಲೆ ಬಿಡಿಸಿ ನೋಡಿದಿರಾ?

ನಮಸ್ಕಾರ ಟೀಚರ್,

ನಿಮ್ಮ ‘ಕಡಲು ತಂದ ಮೊಗ್ಗುಗಳು’ ಲೇಖನವನ್ನು ಎರಡು ಸಲ ಓದಿದೆ. ನಮ್ಮ ಪತ್ರಿಕೆಯ ಈ ಸಂಚಿಕೆಗೆ ಹಾಕುತ್ತಿಲ್ಲ. ಈಗ ಇರುವ ಹಾಗೆ ಮುಂದಿನದಕ್ಕೂ ಹಾಕಲಾರೆ. ಬೇಜಾರು ಮಾಡಿಕೊಳ್ಳಬೇಡಿ, ವಿಷಯ ಚೆನ್ನಾಗಿದೆ ಅಂತಲೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮಂಜೇಶ್ವರದ ಬಳಿಯ ಕಣ್ವತೀರ್ಥದ ದಡಕ್ಕೆ ಬಂದು ಬಿದ್ದ ದಿಮ್ಮಿ, ಅದರ ತುಂಬ ಜೋತುಬಿದ್ದ ತೊಟ್ಟಿನ ಬಾರ್ನಕಲ್‌ಗಳು, ಅಂದರೆ ತೇಲುವ ಮರಕ್ಕೆ, ದೋಣಿಯ ತಳಕ್ಕೆ ಅಂಟಿ ಬದುಕುವ ಚಿಪ್ಪಿನ ಜೀವಿಗಳು. ಆ ಭಾಗ ಕಣ್ಣಿಗೆ ಕಟ್ಟುತ್ತದೆ. ನಿಮ್ಮ ಮಗ ಮುಟ್ಟಿ ನೋಡಿ “ಅಮ್ಮಾ, ಇದರ ಕುತ್ತಿಗೆ ಹಂದಾಡ್ತದೆ” ಅಂದ ಸಾಲು ಇದೆಯಲ್ಲ, ಅದರಲ್ಲಿ ಒಂದಕ್ಷರವನ್ನೂ ಬದಲಿಸಬೇಡಿ.

ಆದರೆ ಬಾರ್ನಕಲ್ ಮರುವಾಯಿಯ (ಕಪ್ಪೆಚಿಪ್ಪಿನ) ನೆಂಟ ಎಂದು ಬರೆದದ್ದು ತಪ್ಪು. ಚಿಪ್ಪು ಇದೆ, ಸರಿ. ಆದರೆ ಅದು ಏಡಿ, ಸಿಗಡಿಯ ಬಳಗ. 1830ರಲ್ಲಿ ಜಾನ್ ವಾಘನ್ ಥಾಂಪ್ಸನ್ ಎಂಬ ಜೀವವಿಜ್ಞಾನಿ ಬಾರ್ನಕಲ್ ಮರಿಗಳು ಏಡಿ, ಸಿಗಡಿ ಬಳಗದ ಮರಿಗಳ ಹಾಗೇ ಈಜುವುದನ್ನು ಬರೆದು ತೋರಿಸುವ ತನಕ ದೊಡ್ಡ ದೊಡ್ಡ ವಿದ್ವಾಂಸರೂ ನಿಮ್ಮ ಹಾಗೇ ಮೋಸಹೋಗಿದ್ದರು. ಹಾಗಾಗಿ ನಾಚಿಕೆ ಬೇಡ, ತಿದ್ದಿದರೆ ಸಾಕು.

ನಿಜವಾಗಿ ಎಡವಿದ್ದು ಮೂರನೇ ಪುಟದಲ್ಲಿ. ‘ಎರಡು ಜಾತಿ ಇದ್ದವು, ಒಂದು ದೊಡ್ಡದು, ಒಂದು ಚಿಕ್ಕದು’ ಎನ್ನುತ್ತೀರಿ. ಒಂದೇ ದಿಮ್ಮಿಗೆ ಮರಿಗಳು ಬೇರೆ ಬೇರೆ ದಿನ ಬಂದು ಅಂಟುತ್ತವೆ. ಚಿಕ್ಕದು ಅಂದದ್ದು ದೊಡ್ಡದರ ತಮ್ಮನೇ ಇರಬಹುದು, ಅಲ್ವಾ? ಬಣ್ಣವನ್ನೂ ಜಾಸ್ತಿ ನಂಬಬೇಡಿ. ಒಣಗಿದರೆ, ಸ್ಪಿರಿಟಿಗೆ ಹಾಕಿದರೆ ಬಣ್ಣ ನಿಲ್ಲುವುದಿಲ್ಲ.

ಬಿಲ್ಲೆಗಳನ್ನು, ಅಂದರೆ ಚಿಪ್ಪಿನ ಬಿಡಿ ತುಂಡುಗಳನ್ನು ನೋಡಿ. ಹೀಗೆ ದಿಮ್ಮಿಗೆ ಜೋತುಬೀಳುವ ಲೆಪಾಸ್ ಕುಲದಲ್ಲಿ ಐದೇ ಬಿಲ್ಲೆ. ತೊಟ್ಟಿನ ಹತ್ತಿರ ಎರಡು ದೊಡ್ಡವು, ಅವು ಸ್ಕ್ಯೂಟಮ್. ತುದಿಯಲ್ಲಿ ಎರಡು, ಟರ್ಗಮ್. ಬೆನ್ನಿಗೆ ಬಾಗಿದ ಒಂದು, ಕ್ಯಾರಿನಾ. ಮೊದಲು ಸ್ಕ್ಯೂಟಮ್ ಮೇಲೆ ಉಗುರು ಎಳೆಯಿರಿ. ಜಾರಿದರೆ, ಇಲ್ಲವೇ ತೀರಾ ನವಿರಾದ ಗೆರೆ ಮಾತ್ರ ಸಿಕ್ಕಿದರೆ ಅನಾಟಿಫೆರಾ ಎಂಬ ಜಾತಿ ಇರಬಹುದು. ಗೆರೆ ಆಳವಾಗಿ, ಬೀಸಣಿಗೆಯ ಹಾಗೆ ಹರಡಿದ್ದರೆ ಅನ್ಸೆರಿಫೆರಾ ಎಂಬ ಜಾತಿಯ ಕಡೆ ಯೋಚಿಸಿ. ಇಷ್ಟಕ್ಕೇ ಹೆಸರಿಡಬೇಡಿ. ಸ್ಕ್ಯೂಟಮ್ ಬಿಡಿಸಿ ಒಳಮೈ ನೋಡಿ, ತೊಟ್ಟಿನ ಕಡೆಯ ಮೂಲೆಯಲ್ಲಿ. ಅನಾಟಿಫೆರಾದಲ್ಲಿ ಬಲದ ಬಿಲ್ಲೆಗೆ ಮಾತ್ರ ಒಂದು ಪುಟ್ಟ ಹಲ್ಲು. ಅನ್ಸೆರಿಫೆರಾದಲ್ಲಿ ಬಲಕ್ಕೆ ಗಟ್ಟಿ ಹಲ್ಲು, ಎಡಕ್ಕೂ ಚಿಕ್ಕದೊಂದು ಹಲ್ಲೋ ಏಣೋ ಇರುತ್ತದೆ. ಎರಡೂ ಕಡೆ ಹಲ್ಲೇ ಇಲ್ಲದಿದ್ದರೆ ಹಿಲ್ಲೈ ಎಂಬ ಇನ್ನೊಂದು ಜಾತಿ ಇರಬಹುದು. ಆಮೇಲೆ ಕಾಲುಗಳ ಬುಡದಲ್ಲಿರುವ ದಾರದಂಥ ಎಳೆಗಳನ್ನು ಎಣಿಸಿ. ಒಂದೊಂದು ಬದಿಗೆ ಅನಾಟಿಫೆರಾದಲ್ಲಿ ಎರಡು, ಹಿಲ್ಲೈಯಲ್ಲಿ ಮೂರು, ಅನ್ಸೆರಿಫೆರಾದಲ್ಲಿ ಐದಾರು.

ಒಂದು ಜಾತಿಯನ್ನು ವರ್ಣಿಸುವಾಗ ಪಕ್ಕದ ಜಾತಿಯಲ್ಲಿ ಇಲ್ಲದ್ದನ್ನು ಹೇಳಿ. ‘ತೊಟ್ಟಿದೆ, ಬಿಲ್ಲೆಯಿದೆ, ಗರಿಯಂಥ ಕಾಲಿದೆ’ ಎಂದು ಎರಡಕ್ಕೂ ಅದೇ ಮಾತು ಬರೆದಿದ್ದೀರಿ. ಓದುಗ ಯಾವುದನ್ನು ಹಿಡಿದು ಬೇರೆ ಮಾಡಬೇಕು?

ಈ ಜೀವಿಯಿಂದ ಹೆಬ್ಬಾತು ಹುಟ್ಟುತ್ತದೆಂಬ ಯುರೋಪಿನ ಹಳೇ ಕಥೆಗೆ ಒಂದೂವರೆ ಪುಟ ಕೊಟ್ಟಿದ್ದೀರಿ. ಎರಡು ಸಾಲು ಸಾಕು. ಆ ಜಾಗದಲ್ಲಿ ಅಡುಗೆಮನೆಗೆ ಬನ್ನಿ. ಏಡಿ ಶುಚಿ ಮಾಡುವಾಗ ಕಿತ್ತೆಸೆಯುವ ಕಿವಿರಿನ ಮೇಲೆ ಕೆಲವು ಸಲ ಅಕ್ಕಿನುಚ್ಚಿನಷ್ಟು ಪುಟ್ಟವು ಅಂಟಿರುತ್ತವೆ. ಅವೂ ತೊಟ್ಟಿನ ಬಾರ್ನಕಲ್ಲೇ, ಆಕ್ಟೊಲಾಸ್ಮಿಸ್. ಬಿಲ್ಲೆಗಳು ಕುಗ್ಗಿ ಕಡ್ಡಿಯಂತಾಗಿರುತ್ತವೆ. ನಮ್ಮ ಓದುಗರಿಗೆ ಇದು ಹೆಬ್ಬಾತಿಗಿಂತ ಹತ್ತಿರ.

ಇನ್ನೊಂದು. ದೋಣಿಯ ತಳ ಕೆರೆಯುವವರನ್ನು ಕೇಳಿ, ತುಳುವಿನಲ್ಲಿ, ಮಲಯಾಳದಲ್ಲಿ ಇದಕ್ಕೇನು ಹೇಳುತ್ತಾರೆ ಅಂತ. ಹೇಳಿದ್ದನ್ನು ಹಾಗೇ ಬರೆದುಕೊಳ್ಳಿ. ಸುಮ್ನೆ ಸಂಸ್ಕೃತದ ಹೆಸರು ಕಟ್ಟಬೇಡಿ.

ಡಾರ್ವಿನ್ 1846ರಿಂದ 1854ರ ತನಕ ಬಾರ್ನಕಲ್ ಬಿಡಿಸುತ್ತ ಕೂತರು. ನಿಮ್ಮಿಂದ ನಾನು ಕೇಳುವುದು ಒಂದು ಭಾನುವಾರ. ನಾಲ್ಕನ್ನು ಸ್ಪಿರಿಟಿನ ಬಾಟಲಿಯಲ್ಲಿ ಇಟ್ಟಿದ್ದೇನೆ ಎಂದು ಕೊನೆಯಲ್ಲಿ ಬರೆದಿದ್ದೀರಲ್ಲ, ಎರಡನ್ನು ಹೊರಗೆ ತೆಗೆಯಿರಿ. ಸೂಜಿ, ಶಾಲೆಯ ಭೂತಗನ್ನಡಿ ಸಾಕು. ಬಲದ ಬಿಲ್ಲೆಯಲ್ಲಿ ಹಲ್ಲು ಸಿಕ್ಕಿತೋ ಇಲ್ಲವೋ, ಅವತ್ತೇ ಫೋನ್ ಮಾಡಿ ಹೇಳಿ.