ಮೇಡಂ, ಇದು ಯುದ್ಧಕ್ಕೆ ಕುಮ್ಮಕ್ಕು ಅಲ್ವಾ?

ಪ್ರಶ್ನೆ: ಮೇಡಂ, ನಾನು ಬಿ.ಎ. ಓದುತ್ತಿದ್ದೇನೆ. ಅಂತರರಾಷ್ಟ್ರೀಯ ಸಂಬಂಧದ ಪೇಪರಿನಲ್ಲಿ ವಾಸ್ತವವಾದ (ರಿಯಲಿಸಂ) ಎಂಬ ಸಿದ್ಧಾಂತ ಓದಿದ ಮೇಲೆ ಬೇಜಾರಾಗಿದೆ. ದೇಶಗಳಿಗೆ ನೀತಿ-ಗೀತಿ ಇಲ್ಲ, ಬಲವೇ ಎಲ್ಲ ಎಂದರೆ ಯುದ್ಧಕ್ಕೆ ಕುಮ್ಮಕ್ಕು ಕೊಟ್ಟಂತೆ ಅಲ್ವಾ?
– ವಿದ್ಯಾರ್ಥಿ, ಶಿರಸಿ

ಉತ್ತರ: ಅಲ್ಲ ತಮ್ಮಾ. ನಾನು ಕಾರವಾರದಲ್ಲಿ ಪಾಠ ಮಾಡುವಾಗಲೂ ಪ್ರತಿ ಬ್ಯಾಚಿನಲ್ಲಿ ಯಾರಾದರೂ ಇದನ್ನೇ ಕೇಳುತ್ತಿದ್ದರು.

ಬೈತಖೋಲ ಬಂದರಿನಲ್ಲಿ ಬಲೆ ಹರಿಯಿತು ಅಂತ ಎರಡು ಬೋಟಿನವರು ಜಗಳಕ್ಕೆ ಬಿದ್ದರೆ ಹಿರಿಯರು ಕೂತು ಮಾತಾಡುತ್ತಾರೆ. ಬಗೆಹರಿಯದಿದ್ದರೆ ಪೊಲೀಸ್ ಠಾಣೆ ಇದೆ. ದೇಶಗಳಿಗೆ ಅಂಥ ಠಾಣೆ ಎಲ್ಲಿದೆ? 1979ರಲ್ಲಿ ಅಮೆರಿಕದ ವಾಸ್ತವವಾದಿ ವಿದ್ವಾಂಸ ಕೆನೆತ್ ವಾಲ್ಟ್ಸ್ ತಮ್ಮ ಸಿದ್ಧಾಂತ ಕಟ್ಟಿದ್ದು ಇದರ ಮೇಲೆ. ನಾಯಕರು ಕೆಟ್ಟವರು ಅಂತಲ್ಲ. ಮೇಲೆ ಕೇಳುವವರಿಲ್ಲ, ಹಾಗಾಗಿ ಅವರವರ ಕಾವಲು ಅವರವರದ್ದೇ.

ತೊಡಕು ಶುರುವಾಗುವುದೂ ಇಲ್ಲೇ. ಕಾರವಾರದಿಂದ ಅಂಕೋಲಾ ಬಸ್ಸು ಹತ್ತಿದರೆ ಅರ್ಗಾ ಹತ್ತಿರ ನೌಕಾನೆಲೆಯ ಗೋಡೆ ಕಾಣುತ್ತದೆ. 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ಐಎನ್‌ಎಸ್ ಕದಂಬ ಶುರುವಾಯಿತು. ನಮಗೆ ಅದು ರಕ್ಷಣೆ. ಇಸ್ಲಾಮಾಬಾದಿನಲ್ಲಿ ನಕ್ಷೆ ಹರಡಿ ಕೂತವನಿಗೆ ಅದೇ ಬೆದರಿಕೆ. ಅವನು ಒಂದು ಜಲಾಂತರ್ಗಾಮಿ ಜಾಸ್ತಿ ಕೊಂಡರೆ ನಮಗೆ ನಿದ್ದೆ ಬರುವುದಿಲ್ಲ, ನಾವೂ ಕೊಳ್ಳುತ್ತೇವೆ. ಯಾರಿಗೂ ಯುದ್ಧ ಬೇಡ, ಆದರೂ ಭಯ ಬೆಳೆಯುತ್ತಲೇ ಹೋಗುತ್ತದೆ. 1950ರಲ್ಲಿ ಜಾನ್ ಹರ್ಟ್ಸ್ ಎಂಬ ವಿದ್ವಾಂಸರು ಇದನ್ನು 'ಭದ್ರತೆಯ ಇಕ್ಕಟ್ಟು' ಎಂದರು. (ಆ ನೆಲೆಗಾಗಿ ಮನೆ, ಗದ್ದೆ ಬಿಟ್ಟು ಎದ್ದವರ ಕಷ್ಟ ಮಾತ್ರ ಈ ಪಂಡಿತರ ಲೆಕ್ಕಕ್ಕೆ ಬರುವುದೇ ಇಲ್ಲ. ಅದು ನನ್ನ ಸಿಟ್ಟು.)

ಇನ್ನು ಕುಮ್ಮಕ್ಕಿನ ಮಾತು. ಈ ಪಂಥದ ಹಿರಿಯ ಹಾನ್ಸ್ ಮಾರ್ಗೆಂಥೌ ಅಮೆರಿಕದಲ್ಲೇ ಕೂತು ವಿಯೆಟ್ನಾಂ ಯುದ್ಧ ಬೇಡ ಎಂದು ವಾದಿಸಿದವರು. 2002ರ ಸೆಪ್ಟೆಂಬರಿನಲ್ಲಿ 33 ವಿದ್ವಾಂಸರು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ದುಡ್ಡು ಕೊಟ್ಟು ಜಾಹೀರಾತು ಹಾಕಿಸಿದರು. ಇರಾಕ್ ಮೇಲೆ ಏರಿ ಹೋಗುವುದರಿಂದ ಅಮೆರಿಕಕ್ಕೆ ಒಳ್ಳೆಯದಾಗುವುದಿಲ್ಲ ಅಂತ. ಅದರಲ್ಲಿ ವಾಲ್ಟ್ಸ್ ಮತ್ತು ಇನ್ನೊಬ್ಬ ಹೆಸರಾಂತ ವಾಸ್ತವವಾದಿ ಮಿಯರ್‌ಶೈಮರ್, ಇಬ್ಬರ ಹೆಸರೂ ಇತ್ತು. ಕರುಣೆ ಉಕ್ಕಿ ಬರೆದದ್ದಲ್ಲ ಅದು, ಲಾಭ-ನಷ್ಟ ತೂಗಿ ಬರೆದದ್ದು. ಸರ್ಕಾರ ಕಿವಿಗೆ ಹಾಕಿಕೊಳ್ಳಲಿಲ್ಲ, 2003ರಲ್ಲಿ ಯುದ್ಧ ನಡೆದೇ ಹೋಯಿತು. ಸುಮ್ನೆ ಒಳ್ಳೆಯ ಮಾತಾಡುವವರಿಗಿಂತ ಈ ಲೆಕ್ಕದವರನ್ನೇ ನಾನು ಜಾಸ್ತಿ ನಂಬುತ್ತೇನೆ.

ಹಾಗಂತ ಎಲ್ಲಕ್ಕೂ ಇದರಲ್ಲಿ ಉತ್ತರವಿಲ್ಲ. ಅಷ್ಟು ಸೈನ್ಯ, ಅಷ್ಟು ಅಣುಬಾಂಬು ಇಟ್ಟುಕೊಂಡಿದ್ದ ಸೋವಿಯತ್ ಒಕ್ಕೂಟ 1991ರಲ್ಲಿ ಒಳಗಿಂದಲೇ ಕುಸಿಯಿತಲ್ಲ, ಅಲ್ಲಿ ವಾಸ್ತವವಾದಿಗಳು ತಡವರಿಸಿದರು. ಪರೀಕ್ಷೆಯಲ್ಲಿ ಇದನ್ನೂ ಒಂದು ಪ್ಯಾರಾ ಬರಿ. ಬರೀ ಹೊಗಳಿ ಬರೆದ ಉತ್ತರಕ್ಕೆ ನಾನಂತೂ ಪೂರ್ತಿ ಅಂಕ ಕೊಟ್ಟವಳಲ್ಲ.